ಗೆಳೆಯರೆದುರು ನಗುವ ಮಕ್ಕಳು: ಪೋಷಕರ ಗ್ರೂಪಿನಲ್ಲಿ ಆಪ್ತಸಮಾಲೋಚಕಿಗೆ ಪ್ರಶ್ನೆಗಳು

ಸುರತ್ಕಲ್‌ನ ತಾಯಿ: ನಮಸ್ತೆ ಮೇಡಂ. ಒಂಬತ್ತನೇ ಕ್ಲಾಸಿನ ಮಗಳಿಗೆ ಎಲ್ಲದರಲ್ಲೂ ಎ ಪ್ಲಸ್. ಫ್ರೆಂಡ್ಸ್ ಹತ್ರ ಮಾತ್ರ "ಎಂತದೂ ಓದ್ಲಿಲ್ಲ, ಹೇಗೋ ಬಂತು" ಅಂತಾಳೆ. ಈ ಸುಳ್ಳು ಯಾಕೆ?

ಮೇಡಂ: ನಮಸ್ತೆ. ಖುಷಿ ತೋರಿಸಿದ್ರೆ ಜಂಬ ಅಂತಾರೆ, ಓದಿದೆ ಅಂದ್ರೆ ಪುಸ್ತಕದ ಹುಳ ಅಂತಾರೆ. ಕಡಿಮೆ ಬಂದ ಗೆಳತಿ ಪಕ್ಕದಲ್ಲೇ ಕೂತಿರ್ತಾಳೆ. ಹಾಗಾಗಿ ಅಡಗಿಸ್ತಾಳೆ. ಮನೆಯಲ್ಲಿ ಖುಷಿಪಟ್ಟರೆ ಚಿಂತೆ ಇಲ್ಲ. ಅವಳನ್ನು ಕೇಳದೆ ಮಾರ್ಕ್ಸ್ ಕಾರ್ಡ್ ನಿಮ್ಮ ಸ್ಟೇಟಸ್ಸಿಗೆ ಹಾಕ್ಬೇಡಿ.

ಕಾಪುವಿನ ತಂದೆ: ಮಗ ಎಸ್ಸೆಸ್ಸೆಲ್ಸಿ. ಪ್ರಿಪರೇಟರಿಯಲ್ಲಿ ಗಣಿತಕ್ಕೆ 19. ಕ್ಲಾಸಿನ ಗ್ರೂಪಲ್ಲಿ "ಮೇನ್ ಎಕ್ಸಾಮಿಗೆ ನಾನು ಇರುದೇ ಇಲ್ಲ ಬಿಡಿ" ಅಂತ ಬರೆದು ನಗುವ ಇಮೋಜಿ ಹಾಕಿದ್ದಾನೆ. ಉಳಿದವರೂ ನಕ್ಕಿದ್ದಾರೆ. ತಮಾಷೆಯೇ ಅಲ್ವಾ?

ಮೇಡಂ: ತಮಾಷೆ ಅಂತ ಬಿಡ್ಬೇಡಿ. ಈ ಪ್ರಾಯದ ಹುಡುಗರು ಗೆಳೆಯರೆದುರು ಅಳುವ ಹಾಗಿಲ್ಲ, ಹೆದರಿಕೆ ಆಗ್ತದೆ ಅನ್ನುವ ಹಾಗೂ ಇಲ್ಲ. ಸಿಟ್ಟು ಮಾಡ್ಬಹುದು, ಇಲ್ಲ ನಗ್ಬಹುದು. ದುಃಖವೂ ಅದೇ ದಾರಿಯಲ್ಲಿ ಬರ್ತದೆ. ಉಳಿದವರು ನಕ್ಕ ಮೇಲೆ "ನಿಜವಾಗಿ ಹೇಳಿದ್ದು" ಅನ್ಲಿಕ್ಕೆ ಅವನಿಗೆ ಜಾಗವೇ ಇಲ್ಲ.
ಇಂಥ ಮಾತು ಮೊದಲೂ ಬಂದಿತ್ತಾ? ನಿದ್ದೆ, ಊಟ ಬದಲಾಗಿದೆಯಾ? ಆಟ ಬಿಟ್ಟಿದ್ದಾನಾ? ಇಷ್ಟದ ವಸ್ತು ಯಾರಿಗಾದರೂ ಕೊಟ್ಟನಾ? ಒಂದಕ್ಕೆ ಹೌದು ಅಂತಾದರೂ ಅಪಾಯ ಹೆಚ್ಚು. ಎಲ್ಲದಕ್ಕೂ ಇಲ್ಲ ಅಂತಾದರೂ ಇವತ್ತೇ ಮಾತಾಡಿ. ಎದುರು ಕೂರಿಸಿ ವಿಚಾರಣೆ ಬೇಡ, ಪಕ್ಕದಲ್ಲಿ ನಡೀತಾ ಕೇಳಿ: "ಗ್ರೂಪಲ್ಲಿ ಹಾಕಿದ್ದು ಓದಿದೆ. ಸಾಯಬೇಕು ಅಂತ ಅನಿಸ್ತಾ ಉಂಟಾ?" ಇದೇ ಶಬ್ದದಲ್ಲಿ. ಕೇಳಿದ್ರೆ ಆ ಯೋಚನೆ ಹುಟ್ಟುದಿಲ್ಲ, ಇದ್ದದ್ದು ಹೊರಗೆ ಬರ್ತದೆ. ಕೇಳಿದ ಮೇಲೆ ಸುಮ್ಮನಿರಿ. "ಛೆ, ಹಾಗೆಲ್ಲ ಹೇಳ್ಬೇಡ" ಅಂದ್ರೆ ಮಾತು ಅಲ್ಲಿಗೇ ಮುಗೀತು.
ಹೌದು ಅಂದ್ರೆ ಒಬ್ಬನನ್ನೇ ಬಿಡ್ಬೇಡಿ. ಮನೆಯ ಮಾತ್ರೆ, ತೋಟಕ್ಕೆ ಹೊಡೆಯುವ ವಿಷದ ಮದ್ದು ಬೀಗ ಹಾಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ರಾತ್ರಿಯೂ ಇರ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ಬೆಳಿಗ್ಗೆ ಮನೋವೈದ್ಯರ ಹತ್ರ. ಸ್ಕ್ರೀನ್‌ಶಾಟ್ ಯಾವ ಪೋಷಕರ ಗ್ರೂಪಿಗೂ ಹಾಕ್ಬೇಡಿ.

ಬೆಂದೂರಿನ ತಾಯಿ: ಫಾರ್ವರ್ಡ್ ಬಂದದ್ದು: "ಪರೀಕ್ಷೆ ದಿನ ಪ್ರೊಪ್ರನೊಲಾಲ್ ಅರ್ಧ ಮಾತ್ರೆ, ಭಯ ಮಾಯ." ಕೊಡ್ಬಹುದಾ ಮೇಡಂ?

ಮೇಡಂ: ಬೇಡ. ಅದು ಎದೆಬಡಿತ, ಬಿಪಿ ಇಳಿಸುವ ಮಾತ್ರೆ. ಆಸ್ತಮಾ ಇರುವ ಮಗುವಿಗೆ ಉಸಿರು ಕಟ್ಬಹುದು, ಬಿಪಿ ಇಳಿದು ತಲೆ ತಿರುಗ್ಬಹುದು. ವೈದ್ಯರು ನೋಡಿ ಬರೆಯುವ ಮಾತ್ರೆ ಅದು. ಡಿಲೀಟ್ ಮಾಡಿ.

ಮೂಡಬಿದ್ರೆಯ ತಂದೆ: ಭಯಕ್ಕೆ ತಿಮರೆ (ಒಂದೆಲಗ) ಚಟ್ನಿ ಆಗ್ತದಾ?

ಮೇಡಂ: ಊಟಕ್ಕೆ ಆಗ್ತದೆ. ಭಯಕ್ಕಲ್ಲ.

ಸುಳ್ಯದ ತಾಯಿ: ಮೇಡಂ, ಪರೀಕ್ಷೆ ಭಯಕ್ಕೆ ಯಾವ ಮಾತ್ರೆ?

ಮೇಡಂ: ಮೇಲೆ ಓದಿ.

ಬಂಟ್ವಾಳದ ತಂದೆ: ನಮ್ಮ ಕಾಲದಲ್ಲಿ ಬೆತ್ತ ಇತ್ತು, ಇದೆಲ್ಲ ಇರ್ಲಿಲ್ಲ.

ಉಡುಪಿಯ ಶಿಕ್ಷಕಿ: ಇತ್ತು, ನಿಮಗೆ ಕಾಣ್ಲಿಲ್ಲ. ಪೇಪರ್ ಕೊಟ್ಟ ಕೂಡ್ಲೆ ಮಕ್ಕಳು ಮಾರ್ಕ್ ಇರುವ ಮೂಲೆ ಮಡಚಿ ಬೆಂಚಿನಡಿ ತುರುಕ್ತಾರೆ, ಮತ್ತೆ ಪಕ್ಕದವನ ಬೆನ್ನಿಗೆ ಗುದ್ದಿ ನಗ್ತಾರೆ. ನಾವು ಶಿಕ್ಷಕರು ಮಾರ್ಕಿನ ಕ್ರಮದಲ್ಲಿ ಹೆಸರು ಕರೆಯುದು ನಿಲ್ಲಿಸಿ, ಪೇಪರ್ ಮಡಚಿ ಕೈಗೇ ಕೊಡ್ಬೇಕು.

ಬಂಟ್ವಾಳದ ತಂದೆ: ಹಾಗಾದ್ರೆ ಪರೀಕ್ಷೆಯೇ ಬೇಡ ಅನ್ನಿ. ಮುದ್ದು ಮಾಡಿಯೇ ಹಾಳಾದದ್ದು.

ಉಡುಪಿಯ ಶಿಕ್ಷಕಿ: ಯಾರು ಹಾಗೆ ಹೇಳಿದ್ದು ಮಾರಾಯ್ರೆ? ಓದಿ ಬರೀರಿ.

ಕುಂದಾಪುರದ ತಾಯಿ: ಮೇಡಂ, ಮಗಳು ಗೆಳತಿಯ ಹತ್ರ ದಿನಾ ಎರಡು ಗಂಟೆ ಫೋನಲ್ಲಿ ಒಂದೇ ಟೀಚರ್ ವಿಷಯ ಅಳ್ತಾಳೆ. ಬಿಡ್ಬಹುದಾ?

ಬಂಟ್ವಾಳದ ತಂದೆ: ಫೋನ್ ಕಿತ್ಕೊಳ್ಳಿ.

ಮೇಡಂ: ಬೆತ್ತದ ಜಗಳ ಸಾಕು, ಇಬ್ಬರೂ. ಕಾಪುವಿನವರೇ, ಮಗನ ಹತ್ರ ಕೇಳಿದ್ರಾ?

ಕಾಪುವಿನ ತಂದೆ: ಬೀಚಿಗೆ ಕರ್ಕೊಂಡು ಹೊರಟೆ ಮೇಡಂ.

ಕುಂದಾಪುರದ ತಾಯಿ: ನನ್ನ ಪ್ರಶ್ನೆ ಮೇಡಂ?