ಅಟ್ಟದ ಮೇಲೆ ಕೊಬ್ಬರಿ, ಕೆಳಗೆ ಲಿಥಿಯಂ ಬ್ಯಾಟರಿ: ರಾತ್ರಿ ಚಾರ್ಜ್‌ಗೆ ಹಾಕಬಹುದಾ?

ಕೊಬ್ಬರಿಮನೆ ಸೊಸೆ (ಪ್ರಶ್ನೆ)

ನಮಸ್ಕಾರ. ತಿಪಟೂರು ಕಡೆ ಹಳ್ಳಿ ನಮ್ಮದು. ಪ್ರೈಮರಿ ಸ್ಕೂಲಲ್ಲಿ ಟೀಚರ್ ಆಗಿದೀನಿ. ಗಾಡಿ ವಿಷಯದಲ್ಲಿ ನನಗೆ ಬರೋದು ಕೀ ತಿರುಗಿಸೋದು, ಬ್ರೇಕ್ ಹಿಡಿಯೋದು, ಅಷ್ಟೇ. ಹಾಗಾಗಿ ಪ್ರಶ್ನೆ ದಡ್ಡತನದ್ದು ಅನ್ನಿಸಿದ್ರೆ ಬೈಕೊಳ್ಳದೆ ಹೇಳಿ.

2021ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ನಂಬರ್ ಪ್ಲೇಟ್ ಇಲ್ಲದ್ದು, ಲೈಸೆನ್ಸ್ ಬೇಡದ್ದು, ಗಂಟೆಗೆ 25 ಕಿ.ಮೀ. ಮೀರದ್ದು. ಸ್ಕೂಲಿಗೆ ನಾಲ್ಕು ಕಿ.ಮೀ., ನನಗೆ ಅದೇ ಧಾರಾಳ. ಸೀಟಿನ ಕೆಳಗೆ ಐದು ಲೆಡ್ ಆಸಿಡ್ ಬ್ಯಾಟರಿ ಇತ್ತು. ಎರಡು ವರ್ಷ ಆಗೋ ಹೊತ್ತಿಗೆ ಸ್ಕೂಲಿಗೆ ಹೋಗೋಕ್ಕೆ ಸಾಕಾಗ್ತಿತ್ತು, ಬರೋವಾಗ ತಳ್ಕೊಂಡು ಬರ್ತಿದ್ದೆ. ಮಕ್ಕಳೂ ಹಿಂದಿನಿಂದ ತಳ್ಳೋಕ್ಕೆ ಬರೋವು.

ಹೋದ ವರ್ಷ ಪೇಟೆಯ ಒಂದು ಅಂಗಡಿಯಲ್ಲಿ ಆ ಐದನ್ನೂ ಕೊಟ್ಟು, ಮೇಲೆ 19,500 ಕೊಟ್ಟು ಲಿಥಿಯಂ ಹಾಕಿಸಿದ್ವಿ. ನೀಲಿ ಕವರ್ ಸುತ್ತಿ ತಗಡಿನ ಡಬ್ಬಿಯಲ್ಲಿ ಇಟ್ಟಿದಾರೆ, ಒಬ್ಬಳೇ ಎತ್ತಬಹುದು. "ಚಾರ್ಜರ್ ಹಳೇದೇ ಆಗುತ್ತೆ ಮೇಡಂ, ಪಿನ್ ಒಂದೇ" ಅಂದ್ರು. ಜೊತೆಗೆ ಯಾವುದೋ ಒಂದು ವೈರ್ ಕಟ್ ಮಾಡಿ "ಈಗ ನಲವತ್ತು ಹೋಗುತ್ತೆ ನೋಡಿ" ಅಂತ ಖುಷಿಯಿಂದ ತೋರಿಸಿದ್ರು. ನಾನೇನೂ ಕೇಳಿರ್ಲಿಲ್ಲ.

ಒಂದು ವರ್ಷ ಚೆನ್ನಾಗೇ ಓಡ್ತು. ಈಗ ಹದಿನೈದು ದಿನದಿಂದ ಬೇರೆ ಥರ. ಚಾರ್ಜ್ ಮುಗಿದು ಹಸಿರು ಲೈಟ್ ಬರುತ್ತೆ, ಐದು ನಿಮಿಷಕ್ಕೆ ಮತ್ತೆ ಕೆಂಪು, ಮತ್ತೆ ಹಸಿರು. ಬೆಳಗ್ಗೆವರೆಗೂ ಹೀಗೇ. ಡಬ್ಬಿ ಮುಟ್ಟಿದ್ರೆ ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆ ಮುಟ್ಟಿದ ಹಾಗೆ ಬೆಚ್ಚಗಿರುತ್ತೆ. ನಿನ್ನೆ ಬೆಳಗ್ಗೆ ಸೀಟ್ ಎತ್ತಿದಾಗ ಒಂದು ವಾಸನೆ. ಸುಟ್ಟ ವಾಸನೆ ಅಲ್ಲ. ಉಗುರಿನ ಬಣ್ಣ ತೆಗೆಯೋ ದ್ರಾವಣ ಇರುತ್ತಲ್ಲ, ಅದರ ಥರ ಸಿಹಿಸಿಹಿ, ಮೂಗಿಗೆ ಏರೋದು.

ಇಷ್ಟೇ ಆಗಿದ್ರೆ ಇಲ್ಲಿ ಬರೀತಿರಲಿಲ್ಲ. ನಮ್ಮದು ಹಳೇ ಮನೆ. ಗಾಡಿ ನಿಲ್ಲಿಸೋದು ನಡುಮನೆಯಲ್ಲಿ, ಅದರ ನೆತ್ತಿ ಮೇಲೇ ಮರದ ಅಟ್ಟ. ಅಟ್ಟದ ಮೇಲೆ ಆರು ಸಾವಿರ ಕಾಯಿ, ಸಿಪ್ಪೆ ಸಮೇತ, ಹತ್ತು ತಿಂಗಳಿಂದ ಒಣಗ್ತಿರೋದು. ಅಲ್ಲಾಡಿಸಿದ್ರೆ ಒಳಗಿನ ಕೊಬ್ಬರಿ ಗಿಟುಕು ಗುಡುಗುಡು ಅನ್ನುತ್ತೆ. ಎಣ್ಣೆ ತುಂಬಿದ ಸೌದೆ ಅಂತಲೇ ಇಟ್ಕೊಳ್ಳಿ. ಅತ್ತೆ ನಿನ್ನೆಯಿಂದ ಮಲಗಿಲ್ಲ. "ಅಟ್ಟದ್ ತುಂಬ ವರ್ಸದ್ ದುಡಿಮೆ ಐತೆ, ಕೆಳಗೆ ಬೆಂಕಿಪೊಟ್ಣ ಮಡಗಿದೀಯಲ್ಲಮ್ಮಿ" ಅಂತಾರೆ. ಯಜಮಾನ್ರು "ಪೇಪರ್ ಓದಿ ಓದಿ ಹೆದರ್ತೀರ" ಅಂತಾರೆ.

ಯಾರ ಮಾತು ಸರಿ? ಇಂಥ ಬ್ಯಾಟರಿಗೆ ಸರ್ಕಾರದ ಸರ್ಟಿಫಿಕೇಟ್ ಅಂತ ಏನೂ ಇರಲ್ವಾ?

ಹುಬ್ಬಳ್ಳಿ ವೈಂಡರ್

ಟೀಚರ, ನಿಮ್ಮ ಅತ್ತಿಯವರ ಮಾತು ಖರೇ ಐತಿ. ಇದನ್ನ ಓದಿದ ಕೂಡ್ಲೆ ಎದ್ದು ಗಾಡಿ ಅಂಗಳಕ್ಕ ದೂಡ್ರಿ. ಮ್ಯಾಲ ಚಪ್ಪರ ಇರಬಾರದು, ಬಾಜು ಹುಲ್ಲಿನ ಬಣವಿ ಇರಬಾರದು. ಚಾರ್ಜಿಗೆ ಹಚ್ಚಬ್ಯಾಡ್ರಿ. ಆ ಸಿಹಿ ವಾಸನಿ ಅಂದ್ರ ಒಂದ್ ಸೆಲ್ ಒಳಗಿನ ದ್ರಾವಣ ಹೊರಗ ಬರಾಕತ್ತೈತಿ. ಇಪ್ಪತ್ತು ವರ್ಷ ಮೋಟಾರ್ ವೈಂಡಿಂಗ್, ಈಗ ಆರು ವರ್ಷದಿಂದ ಬ್ಯಾಟರಿ ರಿಪೇರಿ ಮಾಡ್ತೀನ್ರಿ. ಆ ವಾಸನಿ ಬಂದ ಡಬ್ಬಿ ನಾನು ಅಂಗಡಿ ಒಳಗ ತರೂದಿಲ್ಲ, ಹೊರಗ ಕಟ್ಟಿ ಮ್ಯಾಲ ಇಡ್ತೀನಿ.

ಆಮ್ಯಾಲ ಎರಡು ಕೆಲಸ. ಚಾರ್ಜರ್ ಹಿಂದಿನ ಚೀಟಿ ಮ್ಯಾಲ ಔಟ್‌ಪುಟ್ ಎಷ್ಟು ವೋಲ್ಟ್ ಬರದಾರ ನೋಡಿ ಹೇಳ್ರಿ. ಡಬ್ಬಿ ಮ್ಯಾಲ ಏನರ ಬರದಿದ್ರ ಅದನ್ನೂ. ಊರಾಗ ಲೈನ್‌ಮನ್ ಇದ್ರ ಮೀಟರ್ ಹಿಡಿಸಿ ಡಬ್ಬಿ ವೋಲ್ಟ್ ನೋಡಸ್ರಿ.

ಕೊಬ್ಬರಿಮನೆ ಸೊಸೆ

ಗಾಡಿ ಅಂಗಳದಲ್ಲಿದೆ. ಅತ್ತೆಯೇ ಮುಂದೆ ನಿಂತು ತಳ್ಳಿಸಿದ್ರು.

ಚಾರ್ಜರ್ ಮೇಲೆ 73.5 ವೋಲ್ಟ್, 3 ಆಂಪ್ ಅಂತಿದೆ. ಡಬ್ಬಿ ಮೇಲೆ ಕಂಪನಿ ಹೆಸರಿಲ್ಲ, ನಂಬರಿಲ್ಲ, ತಾರೀಕಿಲ್ಲ. ಮಾರ್ಕರ್ ಪೆನ್ನಲ್ಲಿ "60ವಿ 24ಎಎಚ್ 16ಎಸ್" ಅಂತ ಬರೆದಿದಾರೆ. ಮೈದುನ ಮೀಟರ್ ಹಿಡಿದು ನೋಡ್ದ, 66.1 ಬಂತು. ಮೊನ್ನೆ ರಾತ್ರಿ ಚಾರ್ಜ್ ಆದದ್ದು, ಆಮೇಲೆ ಓಡಿಸಿಲ್ಲ. ಫುಲ್ ಆದ್ರೆ 67 ಇರಬೇಕು, ಒಂದು ಕಮ್ಮಿನೇ ಇದೆಯಲ್ಲ, ಅಂದ್ರೆ ಓವರ್ ಆಗಿಲ್ಲ ಅಂತಾನೆ. ಹೌದಾ?

ಹುಬ್ಬಳ್ಳಿ ವೈಂಡರ್

ಸಿಕ್ತು ನೋಡ್ರಿ ಕಳ್ಳ. 73.5 ಅಂದ್ರ ಅದು ನಿಮ್ಮ ಹಳೇ ಐದು ಬ್ಯಾಟರಿ ಚಾರ್ಜರ್. ಒಂದೊಂದಕ್ಕ 14.7ರಂಗ ಐದಕ್ಕ 73.5. ಅದು ಲೆಡ್ ಆಸಿಡ್‌ಗೆ ಸರಿ. ನಿಮ್ಮ ಹೊಸಾ ಡಬ್ಯಾಗ 16 ಸಾಲು ಸೆಲ್ ಅದಾವ. ಲೆಕ್ಕ ನೀವೇ ಮಾಡ್ರಿ: ಒಂದ್ ಸೆಲ್ಲಿಗೆ 4.2 ವೋಲ್ಟ್ ಅಂದ್ರ ಹೊಟ್ಟಿ ತುಂಬಿತು, 16ಕ್ಕ 67.2. ನಿಮ್ಮ ಚಾರ್ಜರ್ 73.5ರ ತನಕ ದೂಡ್ತೈತಿ, ಅಂದ್ರ ಸೆಲ್ಲಿಗೆ ಹತ್ತತ್ರ 4.6. ಉಂಡವರ ಬಾಯಾಗ ಮತ್ತ ತುರಕಿದಂಗ.

ಹಂಗಾದ್ರ ಒಂದು ವರ್ಷ ಹೆಂಗ ಓಡ್ತು ಅಂತೀರಿ. ಡಬ್ಬಿ ಒಳಗ ಬಿಎಂಎಸ್ ಅಂತ ಒಂದು ಬೋರ್ಡ್ ಇರ್ತೈತಿ. ಯಾವುದರ ಒಂದು ಸಾಲು ಮಿತಿ ದಾಟಿದ ಕೂಡ್ಲೆ ಅದು ಕರೆಂಟ್ ಕಟ್ ಮಾಡ್ತೈತಿ, ಚಾರ್ಜರ್ ಹಸರ ಆಗ್ತೈತಿ. ವೋಲ್ಟ್ ಸ್ವಲ್ಪ ಇಳೀತು ಅಂದ್ರ ಬೋರ್ಡ್ ಮತ್ತ ಬಾಗಿಲಾ ತಗೀತೈತಿ, ಚಾರ್ಜರ್ ಮತ್ತ ಕೆಂಪ. ನೀವು ಕಂಡ ಹಸರ-ಕೆಂಪ ಆಟ ಅದ ರೀ. ಆ ಬೋರ್ಡ್ ಇರೂದು ಆಪತ್ಕಾಲಕ್ಕ. ಕೆರಿ ಕೋಡಿ ಇದ್ದಂಗ. ನಿಮ್ಮ ಮನ್ಯಾಗ ದಿನಾ ರಾತ್ರಿ ಕೋಡಿ ಬೀಳಾಕತ್ತಿತ್ತು.

ಇನ್ನ 66.1ರ ವಿಷಯ. ನಿಮ್ಮ ಮೈದುನ ಅದನ್ನ ಕಂಡು ಸಮಾಧಾನ ಮಾಡ್ಕೊಂಡಾನ, ನನಗ ಅದ ನೋಡಿ ಅಂಜಿಕಿ ಆತು. 67.2 ಮುಟ್ಟೂಕಿಂತ ಮದಲ ಬೋರ್ಡ್ ಯಾಕ ಕಟ್ ಮಾಡ್ತು? ನೀವು ಟೀಚರ್ ಅದೀರಿ, ಕ್ಲಾಸಿನ ಸರಾಸರಿ 35 ಬಂತಂದ್ರ ಎಲ್ಲಾರೂ ಪಾಸಾದ್ರೇನ್ರಿ? ಹದಿನಾಲ್ಕು ಸಾಲು ಕಂಠಮಟ ತುಂಬ್ಯಾವ, ಒಂದೋ ಎರಡೋ ಸಾಲು ನೆಲಾ ಹಿಡದಾವ. ಆ ಎರಡರ ಸಲುವಾಗಿ ಚಾರ್ಜರ್ ಉಳಿದವನ್ನ ಜಗ್ಗಾಕತ್ತೈತಿ.

ಆ ಡಬ್ಬಿ ಬಿಚ್ಚಸ್ರಿ, ಆದ್ರ ಹಾಕಿದ ಅಂಗಡ್ಯಾಗ ಅಲ್ಲ. ಬಿಚ್ಚಿದವ್ರಿಗೆ ಹೇಳ್ರಿ, ಸೆಲ್ ತುದಿಯಾಗ ನಿಕಲ್ ಪಟ್ಟಿ ಬೆಸುಗಿ ಹಾಕಿದ ಚುಕ್ಕಿ ಇರ್ತಾವ, ಅವನ್ನ ನೋಡಂತ. ಹೊಸಾ ಸೆಲ್ ಇದ್ರ ಚುಕ್ಕಿ ಒಂದ ಜೋಡಿ. ಹಳೇ ಪಟ್ಟಿ ಕಿತ್ತು ಮತ್ತ ಹಾಕಿದ್ದಿದ್ರ ಪಕ್ಕಕ್ಕ ಇನ್ನೊಂದು ಜೋಡಿ ಗಾಯ ಇರ್ತೈತಿ, ಅಲ್ಲಿ ತಗಡು ಒರಟ. ಯಾವುದೋ ಹಳೇ ಲ್ಯಾಪ್‌ಟಾಪ್, ಹಳೇ ಗಾಡಿ ಸೆಲ್ ಮ್ಯಾಲ ಹೊಸಾ ನೀಲಿ ಕವರ್ ಹಾಕಿ ಬಿಸಿ ಗಾಳಿ ಬಿಟ್ರ ಮದಲಗಿತ್ತಿ ಹಂಗ ಕಾಣ್ತೈತಿ.

ಇನ್ನೊಂದು ಮಾತು ಬರದಿಟ್ಕೊರಿ. ಡಬ್ಬಿಯಿಂದ ಸುಂಯ್ ಅಂತ ಸದ್ದು, ಬಿಳೀ ಹೊಗಿ ಬಂದ್ರ ಪ್ಲಗ್ ಕೀಳಾಕ ಹೋಗಬ್ಯಾಡ್ರಿ, ಮಂದಿ ಹೊರಗ. ಮೇನ್ ಸ್ವಿಚ್ ಹೊರಗಿದ್ರ ಬಂದ್ ಮಾಡ್ರಿ, 112 ಹಚ್ರಿ. ಆ ಹೊಗಿ ವಿಷ, ಅದಕ್ಕ ಬೆಂಕೀನೂ ಹತ್ತತೈತಿ. ಕೆಂಪು ಸಿಲಿಂಡರ್ ಪುಡಿ ಹೊಡದ್ರ ಉರಿ ಆರಿದಂಗ ಕಾಣ್ತೈತಿ, ಒಳಗಿನ ಕಾವು ಹಂಗ ಇರ್ತೈತಿ, ಮತ್ತ ಹೊತ್ತತೈತಿ. ತಣ್ಣಗ ಮಾಡೂದು ನೀರು ಒಂದ, ಅದೂ ದೂರದಿಂದ, ಭಾಳ ನೀರು.

ಕಾಗದಪತ್ರ (ಬೆಂಗಳೂರು)

ಮೇಡಂ ಸರ್ಟಿಫಿಕೇಟ್ ಬಗ್ಗೆ ಕೇಳಿದ್ರಲ್ಲ, ವಾಹನಗಳ ಅಪ್ರೂವಲ್ ಕಾಗದ ನೋಡೋದೇ ನನ್ನ ಕೆಲಸ ಆಗಿತ್ತು, ಹೇಳ್ತೀನಿ.

ನಿಮ್ಮ ಗಾಡಿಗೆ ನಂಬರ್ ಪ್ಲೇಟ್ ಬೇಡ ಅಂದದ್ದು ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು). ಮೋಟಾರ್ 250 ವ್ಯಾಟ್ ಒಳಗೆ, ವೇಗ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ರೆ ಅದು ಮೋಟಾರು ವಾಹನವೇ ಅಲ್ಲ. ಅಂಗಡಿಯವರು ವೈರ್ ಕತ್ತರಿಸಿ ನಲವತ್ತು ಮಾಡಿದ ಕ್ಷಣವೇ ಆ ರಿಯಾಯಿತಿ ಹೋಯ್ತು. ಈಗ ನೀವು ಓಡಿಸ್ತಿರೋದು ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ದಾರಿಯಲ್ಲಿ ಯಾರಿಗಾದರೂ ತಾಗಿದ್ರೆ ಪರಿಹಾರದ ದುಡ್ಡು ನಿಮ್ಮ ಕೈಯಿಂದಲೇ ಹೋಗುತ್ತೆ. ಮೊದಲು ಆ ವೈರ್ ಸೇರಿಸಿ.

ಬ್ಯಾಟರಿಗೆ ನಿಯಮ ಇದೆ. 2022ರ ಮಾರ್ಚಲ್ಲಿ ವೆಲ್ಲೂರಿನ ಒಂದು ಮನೆಯಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಹೊತ್ತಿ ಅಪ್ಪ-ಮಗಳು ಹೊಗೆಗೆ ಉಸಿರುಗಟ್ಟಿ ಹೋದ್ರು. ಅದೇ ಸೆಪ್ಟೆಂಬರಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಇ-ಬೈಕ್ ಶೋರೂಂ, ಮೇಲೆ ಲಾಡ್ಜ್. ಎಂಟು ಜನ ಸತ್ತರು. ಆ ವರ್ಷ ಎಐಎಸ್-156 ಅನ್ನೋ ಮಾನದಂಡವನ್ನು ಬಿಗಿ ಮಾಡಿದ್ರು. 2022ರ ಡಿಸೆಂಬರ್ 1ರಿಂದ ಅರ್ಧ, 2023ರ ಮಾರ್ಚ್ 31ರಿಂದ ಉಳಿದದ್ದು. ಒಂದು ಸೆಲ್ ಕೆಟ್ಟು ಕಾದ್ರೂ ಪಕ್ಕದ್ದಕ್ಕೆ ಹರಡಿ ಬೆಂಕಿ ಆಗಬಾರದು, ಒಳಗೆ ಬಿಸಿ ಏರಿದ್ರೆ ಮೊದಲೇ ಸದ್ದು-ಲೈಟಲ್ಲಿ ಎಚ್ಚರಿಸಬೇಕು, ಗ್ಯಾಸ್ ಹೊರಹೋಗೋಕ್ಕೆ ದಾರಿ ಇರಬೇಕು, ಸೆಲ್‌ಗಳು ಐಎಸ್ 16893 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಪರೀಕ್ಷೆ ಆಗಿರಬೇಕು, ಯಾವಾಗ ತಯಾರಾದವು ಅನ್ನೋದು ಸಿಗಬೇಕು.

ಆದರೆ ಇದೆಲ್ಲ ನಂಬರ್ ಪ್ಲೇಟ್ ಇರೋ ಗಾಡಿಗಳಿಗೆ, ಫ್ಯಾಕ್ಟರಿಯಿಂದ ಬ್ಯಾಟರಿ ಸಮೇತ ಪಾಸಾಗಿ ಬರೋವಕ್ಕೆ. ಮಾರ್ಕರ್ ಪೆನ್ನಲ್ಲಿ ಬರೆದ ಡಬ್ಬಿ ಯಾವ ಲ್ಯಾಬಿನ ಬಾಗಿಲನ್ನೂ ಕಂಡಿಲ್ಲ. ನನ್ನ ಸಿಟ್ಟೆಲ್ಲ ಇಲ್ಲೇ. ಅತಿ ಕಡಿಮೆ ದುಡ್ಡಲ್ಲಿ ಗಾಡಿ ತಗೊಳ್ಳೋರು, ಮನೆಯೊಳಗೇ ನಿಲ್ಲಿಸೋರು, ಅವರ ಪಾಲಿಗೇ ಅತಿ ಸಡಿಲ ನಿಯಮ.

ಗೇರ್ ರಾಜ

ಸುಮ್ನೆ ಹೆದರಿಸ್ಬೇಡಿ ಗುರು. ಪೆಟ್ರೋಲ್ ಗಾಡಿ ಹೊತ್ಕೊಳ್ಳಲ್ವಾ? ನಾನು ಮೂರು ವರ್ಷದಿಂದ ದಿನಾ ರಾತ್ರಿ ಹಾಲಲ್ಲೇ ಚಾರ್ಜ್ ಹಾಕ್ತೀನಿ.

ಹುಬ್ಬಳ್ಳಿ ವೈಂಡರ್

ಕಂಪನಿ ಡಬ್ಬಿ, ಕಂಪನಿ ಚಾರ್ಜರ್ ಇದ್ರ ನನಗೂ ಅಂಜಿಕಿ ಇಲ್ಲಪಾ. ನಂದೂ ಎಲೆಕ್ಟ್ರಿಕ್ ಗಾಡಿನ. ಆದ್ರೂ ಬಾಗಿಲ ಮುಂದ ಹಚ್ಚಬ್ಯಾಡ. ಹೊತ್ತಿದ್ರ ಓಡಿಹೋಗಾಕ ಇರೂ ಬಾಗಿಲಾ ಅದೊಂದ.

ಕೊಬ್ಬರಿಮನೆ ಸೊಸೆ (ಒಂಬತ್ತು ದಿನದ ನಂತರ)

ಏನಾಯ್ತು ಅಂತ ಹೇಳದೆ ಹೋದ್ರೆ ತಪ್ಪಾಗುತ್ತೆ. ಪರಿಚಯದ ಐಟಿಐ ಮೇಷ್ಟ್ರು ಒಬ್ರು ಬಂದು ನಮ್ಮ ಕಣದಲ್ಲೇ ಡಬ್ಬಿ ಬಿಚ್ಚಿದ್ರು. ಮೊದಲೇ ಬಲ್ಬ್ ಕಟ್ಟಿ ಚಾರ್ಜ್ ಇಳಿಸಿದ್ರು, ಅದಕ್ಕೇ ಅರ್ಧ ದಿನ ಹಿಡೀತು. 16 ಸಾಲು, ಸಾಲಿಗೆ 9, ಒಟ್ಟು 144 ಸೆಲ್. ಬೆರಳಿಗಿಂತ ದಪ್ಪ, ಎಲ್ಲ ಒಂದೇ ಹಸಿರು. ಮೇಷ್ಟ್ರು ಕನ್ನಡಕ ಏರಿಸಿ ತುದಿ ನೋಡ್ತಾ ಹೋದ್ರು, ನಾನು ಪಕ್ಕದಲ್ಲಿ ಹಾಜರಿ ಪುಸ್ತಕ ಹಿಡಿದವಳ ಹಾಗೆ ಬರ್ಕೊಂಡೆ. ಎರಡು ಸಾಲಲ್ಲಿ ಹಳೇ ಬೆಸುಗೆ ಗಾಯ ಇತ್ತು, ವೈಂಡರ್ ಅವರು ಹೇಳಿದ ಹಾಗೇ ಜೋಡಿ ಚುಕ್ಕಿಯ ಪಕ್ಕ ಇನ್ನೊಂದು ಜೋಡಿ. ಆ ಎರಡು ಸಾಲೇ ಇಳಿದಿದ್ದದ್ದು. ಅದರಲ್ಲಿ ಒಂದು ಸೆಲ್ಲಿನ ಮೂತಿ ಸುತ್ತ ಎಣ್ಣೆ ಜಿನುಗಿದ ಹಾಗೆ ಒದ್ದೆ. ವಾಸನೆ ಅದರದ್ದೇ.

ಅಂಗಡಿಯವರ ಹತ್ತಿರ ಹೋದ್ವಿ. "ಚಾರ್ಜರ್ ಬೇರೆ ತಗೋಬೇಕಿತ್ತು ನೀವು" ಅಂದ್ರು! ಯಜಮಾನ್ರು ಬಿಲ್ ಕೇಳಿದ್ರು, ಆಗ ಕೊಟ್ಟಿರಲಿಲ್ಲ, ಈಗಲೂ ಇಲ್ಲ. ಜಗಳ ಆಡಿ 8,000 ವಾಪಸ್ ಬಂತು. ಹಳೇ ಸೆಲ್ ಗುಜರಿಯವನು ಕಿಲೋ ಲೆಕ್ಕಕ್ಕೆ ಕೇಳ್ದ, ಕೊಡಲಿಲ್ಲ. 2022ರಲ್ಲೇ ಬ್ಯಾಟರಿ ತ್ಯಾಜ್ಯಕ್ಕೆ ಅಂತ ನಿಯಮ ಬಂದಿದೆ, ಪರವಾನಗಿ ಇರೋ ಮರುಬಳಕೆಯವರಿಗೇ ಹೋಗಬೇಕು ಅಂತ ಮೇಷ್ಟ್ರು ಹೇಳಿ ತಾವೇ ತಗೊಂಡು ಹೋದ್ರು. ವೈರನ್ನೂ ಅವರೇ ಸೇರಿಸಿದ್ರು, ಈಗ ಮತ್ತೆ 25.

ಈಗ ಗಾಡಿಗೆ ಪುನಃ ಐದು ಲೆಡ್ ಆಸಿಡ್ ಹಾಕಿಸಿದೀನಿ, ಅದೇ ಹಳೇ ಚಾರ್ಜರ್ ಜೊತೆ. ಭಾರ ಇದೆ, ಎರಡು ವರ್ಷಕ್ಕೆ ಮತ್ತೆ ತಳ್ಳಬೇಕಾಗುತ್ತೆ, ಗೊತ್ತು. ಚಾರ್ಜಿಂಗ್ ಹೊರಗಡೆ ಜಗಲಿ ಮೇಲೆ, ಸಂಜೆ ಐದಕ್ಕೆ ಹಾಕಿ ಮಲಗೋಕ್ಕೆ ಮುಂಚೆ ತೆಗೆಯೋದು. ಲೆಡ್ ಆಸಿಡ್ ಚಾರ್ಜ್ ಆಗೋವಾಗಲೂ ಗ್ಯಾಸ್ ಬಿಡುತ್ತೆ, ಗಾಳಿಯಾಡಲಿ ಅಂದ್ರು ಮೇಷ್ಟ್ರು.

ಪ್ಲಗ್ ತೆಗೆಯೋ ಕೆಲಸ ಅತ್ತೆ ತಾವೇ ವಹಿಸಿಕೊಂಡಿದಾರೆ. ತೆಗೆದ ಮೇಲೆ ಬ್ಯಾಟರಿ ಮೇಲೆ ಅಂಗೈ ಇಟ್ಟು ನೋಡ್ತಾರೆ, ಆಮೇಲೆ ಅಟ್ಟದ ಏಣಿ ಹತ್ತಿ ಕಾಯಿ ಒಂದು ಸಲ ಮೂಸಿ ಇಳೀತಾರೆ. ಕಾಯಿ ಸುಲಿಯೋಕ್ಕೆ ಇನ್ನು ಒಂದು ತಿಂಗಳಿದೆ.