ಸೊಂಟದ ಬಿಗಿತ ಅಳೆಯುವ ಸಾಧನ: ಒಂದೇ ಬೆನ್ನಿಗೆ ಮೂರು ಲೆಕ್ಕ

ಫಿಸಿಯೋ ವಿದ್ಯಾರ್ಥಿನಿ:
ಸೊಂಟನೋವಿನವರ ಬೆನ್ನುಮೂಳೆಯ ಬಿಗಿತ ಅಳೆಯಲು ಪ್ರಾಜೆಕ್ಟಿಗಾಗಿ ಸಾಧನವೊಂದನ್ನು ಕಟ್ಟಿದ್ದೇನೆ. ಬೋರಲು ಮಲಗಿದವರ ಎಲ್3 ಮೂಳೆಯ (ಸೊಂಟದ ಭಾಗದ ಮೂರನೆಯ ಬೆನ್ನುಮೂಳೆ) ಮುಳ್ಳಿನ ಮೇಲೆ ರಬ್ಬರ್ ತುದಿಯ ಸರಳು ಇಳಿಯುತ್ತದೆ. ಒತ್ತುವ ಬಲ ಅಳೆಯಲು ಲೋಡ್ ಸೆಲ್, ಸರಳು ಎಷ್ಟು ಇಳಿಯಿತೆಂದು ಅಳೆಯಲು ಡಿಜಿಟಲ್ ಗೇಜ್. ಗೆಳತಿಯ ಬೆನ್ನಿನ ಮೇಲೆ ಹತ್ತೇ ನಿಮಿಷದಲ್ಲಿ ಮಿಲಿಮೀಟರಿಗೆ 11, 16, 13 ನ್ಯೂಟನ್ ಬಂತು. ಲೋಡ್ ಸೆಲ್ ಕೆಟ್ಟಿದೆಯೇ?

ಹಳೆಯ ಕೈ:
ಇಷ್ಟೆಲ್ಲ ಏಕಮ್ಮಾ? ಹೆಬ್ಬೆರಳಿನಿಂದ ಒತ್ತಿದರೆ ಗೊತ್ತಾಗುವುದಿಲ್ಲವೇ?

ತಕ್ಕಡಿ:
ಒಂದೇ ಬೆನ್ನನ್ನು ಇಬ್ಬರು ಫಿಸಿಯೋಗಳು ಒತ್ತಿ ಒಂದೇ ಮಾತು ಹೇಳುವುದು ಅಪರೂಪ ಸರ್. ಯಂತ್ರ ಬಂದದ್ದೇ ಅದಕ್ಕೆ.

ವಿದ್ಯಾರ್ಥಿನಿಯವರೇ, ಲೋಡ್ ಸೆಲ್ ಮೇಲೆ ಗೊತ್ತಿರುವ ತೂಕವಿಟ್ಟು ನೋಡಿ. ಅದು ಸರಿಯಿದ್ದರೆ ಉಸಿರನ್ನು ಅನುಮಾನಿಸಿ. ಒತ್ತುವಾಗ ನಿಮ್ಮ ಗೆಳತಿ ಉಸಿರೆಳೆಯುತ್ತಿದ್ದರೇ, ಬಿಡುತ್ತಿದ್ದರೇ? ಸಹಜವಾಗಿ ಉಸಿರು ಬಿಟ್ಟು ಅಲ್ಲೇ ತಡೆದಾಗ ಮಾತ್ರ ಒತ್ತಿ. ಸರಳು ತಣ್ಣಗಿದ್ದರೂ ಬೆನ್ನಿನ ಸ್ನಾಯು ಸೆಟೆದುಕೊಳ್ಳುತ್ತದೆ, ಲೆಕ್ಕ ಏರುತ್ತದೆ. ಮೊದಲ ಒಂದೆರಡು ಒತ್ತುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಂಗಾಂಶ ಒಗ್ಗಿಕೊಳ್ಳಲಿ. ಬಲ-ಇಳಿತದ ಗ್ರಾಫಿನ ಇಳಿಜಾರೇ ಬಿಗಿತ; ಅದನ್ನು ಸೊನ್ನೆಯಿಂದ ತೆಗೆಯುತ್ತಿದ್ದರೆ ಅದೂ ತಪ್ಪು: ಆರಂಭದಲ್ಲಿ ಚರ್ಮ, ಕೊಬ್ಬು ಕುಗ್ಗುತ್ತವೆ, ಗೆರೆ ಬಾಗುತ್ತದೆ. 30ರಿಂದ 90 ನ್ಯೂಟನ್ನಿನ ನಡುವಿನ ನೇರ ಭಾಗವನ್ನು ಹಿಡಿಯಿರಿ.

ಫಿಸಿಯೋ ವಿದ್ಯಾರ್ಥಿನಿ:
ಐದು ಕಿಲೋ ತೂಕ ಸರಿಯಾಗಿ ತೋರಿಸಿತು. ಉಸಿರು ತಡೆಸಿ ಅಳೆದರೆ 12, 13, 12! ಆದರೆ ಮಂಚದ ಫೋಮ್ ಮೇಲೆ ಸೈಜುಗಲ್ಲು ಇಟ್ಟು ಒತ್ತಿದಾಗ ಕಲ್ಲೂ 1.5 ಮಿ.ಮೀ. ಇಳಿಯಿತು.

ತಕ್ಕಡಿ:
ಕಲ್ಲಿನ ಉಪಾಯ ಚೆನ್ನಾಗಿದೆ. 60 ನ್ಯೂಟನ್ನಿಗೆ 5 ಮಿ.ಮೀ. ಇಳಿದರೆ ಬಿಗಿತ 12, ಆ 5ರಲ್ಲಿ 1.5 ಮಿ.ಮೀ. ಫೋಮಿನದಾದರೆ ಬೆನ್ನಿನದು ಸುಮಾರು 17. ಹಾಗೆಂದು ಕಳೆದು ಬರೆದುಕೊಳ್ಳಬೇಡಿ, ಕಲ್ಲು ಒತ್ತಿದಂತೆ ಮೈ ಫೋಮನ್ನು ಒತ್ತುವುದಿಲ್ಲ. ಫೋಮ್ ತೆಗೆದು ಹಲಗೆಯ ಮೇಲೆ ತೆಳುವಾದ ಜಮಖಾನ ಹಾಸಿ.

ಫಿಸಿಯೋ ವಿದ್ಯಾರ್ಥಿನಿ:
ಹಾಗೇ ಮಾಡಿದೆ, ಅಳತೆ ಈಗ ಏರಿಳಿಯದೆ ಸ್ಥಿರವಾಗಿದೆ. ಹೊಸ ತಲೆನೋವು: "ಬೆನ್ನು ಹಿಡಿದುಕೊಂಡಿದೆ" ಎಂದು ನರಳುವವರ ಅಂಕಿ ಗೆಳತಿಯದಕ್ಕಿಂತ ಕಡಿಮೆ!

ತಕ್ಕಡಿ:
ಅದು ಸಾಧನದ ದೋಷವಲ್ಲ. ಬಿಗಿಯಾಗಿದೆ ಎಂಬ ಅನುಭವಕ್ಕೂ ಅಳೆದ ಬಿಗಿತಕ್ಕೂ ತಾಳೆಯಾಗದಿರುವುದನ್ನು 2017ರ ಅಧ್ಯಯನವೊಂದು ತೋರಿಸಿದೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದಿಡಿ.