ಮಗುವಿನ ದವಡೆಹಲ್ಲಿಗೆ ಬಿಳಿ ಫಿಲ್ಲಿಂಗ್: ಜಿಐಸಿನೋ, ಕಾಂಪೋಸಿಟೋ?

ಕೇಳಿದವರು: ಮಗಳಿಗೆ ಆರು ವರ್ಷ. ಕೆಳಗಿನ ಎರಡು ಹಾಲು ದವಡೆಹಲ್ಲುಗಳ ಸಂದಿಯಲ್ಲಿ ಹುಳುಕು. ನೋವಿಲ್ಲ, ಅನ್ನ ಸಿಕ್ಕಿಕೊಳ್ಳುತ್ತೆ. ಒಬ್ಬ ಡಾಕ್ಟರು ಜಿಐಸಿ (ಗ್ಲಾಸ್ ಅಯಾನೊಮರ್ ಸಿಮೆಂಟ್) ಸಾಕು ಅಂದ್ರು, ಇನ್ನೊಬ್ಬರು ಕಾಂಪೋಸಿಟ್ (ಲೈಟ್ ಹಾಕಿ ಗಟ್ಟಿ ಮಾಡೋ ಹಲ್ಲಿನ ಬಣ್ಣದ ರಾಳ), ಮೂರನೆಯವರು ಇಡೀ ಹಲ್ಲನ್ನು ಮುಚ್ಚೋ ಸ್ಟೀಲ್ ಕ್ಯಾಪ್. ಹೇಗೂ ಬಿದ್ದುಹೋಗೋ ಹಲ್ಲಿಗೆ ಇಷ್ಟೆಲ್ಲ ಬೇಕಾ? ಬಲ್ಲವರು ಹೇಳಿ.

ಮಕ್ಕಳ ದಂತವೈದ್ಯೆ: ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತೆ, ನಿಜ. ಹಾಲು ದವಡೆಹಲ್ಲು ಬೀಳೋದು 9ರಿಂದ 12ರೊಳಗೆ. ಅಲ್ಲಿವರೆಗೂ ಮಗು ಅದರಲ್ಲೇ ಅಗಿಯಬೇಕು. ಮೊದಲೇ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ಜರುಗಿ, ಕೆಳಗಿಂದ ಬರೋ ಹಲ್ಲಿಗೆ ಜಾಗ ಸಾಲೋಲ್ಲ. ಹಾಲುಹಲ್ಲಿನ ಎನಾಮೆಲ್ ಬರೀ 1 ಮಿ.ಮೀ. ಆಸುಪಾಸು, ನರ ತೀರ ಹತ್ತಿರ. ಹಾಗಾಗಿ ತಡ ಮಾಡಬೇಡಿ.

ಯಾವುದು ಅನ್ನೋದನ್ನ ತೀರ್ಮಾನಿಸೋದು ಹುಳುಕು ಇರೋ ಜಾಗ. ಅಗಿಯೋ ಮೇಲ್ಭಾಗದಲ್ಲಿ ಸಣ್ಣ ಗುಳಿ ಇದ್ದರೆ ಎರಡೂ ನಡೆಯುತ್ತೆ. ನಿಮ್ಮ ಮಗಳದು ಸಂದಿಯ ಹುಳುಕು. ಅಲ್ಲಿ ಬರೀ ಜಿಐಸಿ ತುಂಬಿದರೆ ಅಗಿಯೋ ಒತ್ತಡಕ್ಕೆ ನಡು ಮುರಿದು, ಪಕ್ಕದ ತುಂಡು ಕಳಚಿ ಬರೋದೇ ಹೆಚ್ಚು. ಸಂದಿಗೆ ನನ್ನ ಆಯ್ಕೆ ಕಾಂಪೋಸಿಟ್ ಅಥವಾ ಕ್ಯಾಪ್. ಫಿಲ್ಲಿಂಗ್‌ಗೆ ಮೊದಲು ಎಕ್ಸ್‌ರೇ ತೆಗೆಸಿ. ಮೇಲೆ ಎಳ್ಳಿನಷ್ಟು ತೂತು ಕಂಡರೂ ಒಳಗೆ ಅಗಲವಾಗಿ ಕೊರೆದಿರುತ್ತೆ. ರಾತ್ರಿ ತಾನಾಗಿ ನೋಯೋದು, ಒಸಡಿನ ಮೇಲೆ ಕೀವಿನ ಗುಳ್ಳೆ ಇದ್ದರೆ ಫಿಲ್ಲಿಂಗ್ ಮಾತೇ ಬೇಡ, ನರದ ಚಿಕಿತ್ಸೆ ಬೇಕು.

ದಂತ ಕ್ಲಿನಿಕ್ ಸಹಾಯಕಿ: ಕಾಂಪೋಸಿಟ್ ಕೈಕೊಡೋದು ಜೊಲ್ಲಿನಿಂದ. ಕ್ರಮ ಇದು: ಹುಳುಕು ತೆಗೆದ ಮೇಲೆ 37% ಫಾಸ್ಫಾರಿಕ್ ಆಸಿಡ್ ಜೆಲ್ ಸುಮಾರು 15 ಸೆಕೆಂಡ್, ತೊಳೆದು ಒಣಗಿಸಿದರೆ ಎನಾಮೆಲ್ ಸುಣ್ಣ ಬಳಿದ ಹಾಗೆ ಮಂಕು ಬಿಳಿಯಾಗುತ್ತೆ. ಆ ಬಿಳುಪಿನ ಮೇಲೆ ಒಂದು ಹನಿ ಜೊಲ್ಲು ಬಿದ್ದರೂ ಬಾಂಡ್ (ಕಾಂಪೋಸಿಟನ್ನು ಹಲ್ಲಿಗೆ ಅಂಟಿಸೋ ದ್ರವ) ಹಿಡಿಯೋಲ್ಲ, ಮತ್ತೆ ಮೊದಲಿಂದ ಶುರು. ಬಾಂಡ್ ಆದಮೇಲೆ 2 ಮಿ.ಮೀ.ಗಿಂತ ದಪ್ಪ ಆಗದ ಹಾಗೆ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀಲಿ ಲೈಟ್. ಒಂದೇ ಸಲ ತುಂಬಿದರೆ ತಳ ಮೆತ್ತಗೇ ಉಳಿಯುತ್ತೆ. ಗಟ್ಟಿಯಾಗುವಾಗ ಕುಗ್ಗಿ ಅಂಚಲ್ಲಿ ಕೂದಲೆಳೆ ಬಿರುಕು ಬಿಡುತ್ತೆ. ಕೆಲವು ತಿಂಗಳಲ್ಲಿ ಕಂದು ಗೆರೆ ಕಾಣೋದು ಅಲ್ಲೇ. ಹಾಗಾಗಿ ‘ರಬ್ಬರ್ ಡ್ಯಾಮ್ (ಜೊಲ್ಲು ತಾಗದಂತೆ ಹಲ್ಲಿನ ಸುತ್ತ ಹಾಕೋ ರಬ್ಬರ್ ಹಾಳೆ) ಹಾಕ್ತೀರಾ?’ ಅಂತ ಮೊದಲೇ ಕೇಳಿ. ಬಾಯಿ ತೆರೆದು ಅರ್ಧ ಗಂಟೆ ಕೂರದ ಮಗುವಿಗೆ ಕಾಂಪೋಸಿಟ್ ಒಗ್ಗೋಲ್ಲ.

ಜಿಐಸಿಗೆ ಅಷ್ಟು ಒಣಗಿರಬೇಕಿಲ್ಲ, ಹಲ್ಲಿಗೆ ತಾನೇ ಅಂಟುತ್ತೆ, ಫ್ಲೋರೈಡನ್ನೂ ಬಿಡುತ್ತೆ. ಪುಡಿ-ದ್ರವ ಕಲಸಿದ್ದು ಹೊಳೆಯುತ್ತಿರುವಾಗಲೇ ತುಂಬಬೇಕು. ಹೊಳಪು ಹೋದಮೇಲೆ ತುರುಕಿದರೆ ಅಂಟಿರೋಲ್ಲ. ಮೇಲೆ ವ್ಯಾಸಲಿನ್ ಇಲ್ಲವೇ ವಾರ್ನಿಶ್ ಸವರಿ, ಒಂದು ಗಂಟೆ ಏನೂ ತಿನ್ನಿಸಬಾರದು.

ಸರ್ಕಾರಿ ಆಸ್ಪತ್ರೆಯ ದಂತವೈದ್ಯ: ಕ್ಯಾಪ್ ಅಂದಕೂಡಲೇ ಕಬ್ಬಿಣದ ಹಲ್ಲು ಅಂತ ಮುಖ ಸಿಂಡರಿಸುವವರೇ ಜಾಸ್ತಿ. ಕೆಳಗಿನ ಹಿಂದಿನ ಹಲ್ಲು ನಕ್ಕರೂ ಅಷ್ಟಾಗಿ ಕಾಣೋಲ್ಲ. ಸ್ಕಾಟ್ಲೆಂಡಿನ ಹಾಲ್ ವಿಧಾನದಲ್ಲಿ ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ. ಸಂದಿ ಬಿಗಿಯಾಗಿದ್ದರೆ ಮೂರ್ನಾಲ್ಕು ದಿನ ರಬ್ಬರ್ ರಿಂಗ್ ಇಟ್ಟು, ಆಮೇಲೆ ಕ್ಯಾಪ್‌ಗೆ ಜಿಐಸಿ ತುಂಬಿ ಒತ್ತಿ ಕೂರಿಸ್ತಾರೆ. ಒಳಗೆ ಸಿಕ್ಕ ಹುಳುಕಿಗೆ ಸಕ್ಕರೆ ತಲುಪದೆ ಅಲ್ಲೇ ನಿಲ್ಲುತ್ತೆ. ಮೊದಲ ಕೆಲವು ವಾರ ಕಚ್ಚುವಾಗ ಎತ್ತರ ಅನಿಸುತ್ತೆ, ತಾನೇ ಸರಿಹೋಗುತ್ತೆ. ನರಕ್ಕೆ ಸೋಂಕು ತಗುಲಿದ್ದರೆ ಮಾತ್ರ ಇದು ಬೇಡ.

ಕೇಳಿದವರು: ಕಾಂಪೋಸಿಟ್ ಮಾಡಿಸಿದರೆ ಮನೆಗೆ ಬಂದಮೇಲೆ ಏನು ನೋಡಬೇಕು?

ದಂತ ಕ್ಲಿನಿಕ್ ಸಹಾಯಕಿ: ಹೊರಡೋ ಮುಂಚೆ ಫಿಲ್ಲಿಂಗ್ ಎತ್ತರ ಆಗಿದೆಯಾ ಅಂತ ನೀಲಿ ಕಾಗದ ಕಚ್ಚಿಸಿ ನೋಡಿದ್ದಾರಾ, ಸಂದಿಯಲ್ಲಿ ಫ್ಲಾಸ್ (ಹಲ್ಲಿನ ಸಂದಿ ಸ್ವಚ್ಛ ಮಾಡೋ ದಾರ) ಹಾಯಿಸಿದ್ದಾರಾ ಗಮನಿಸಿ. ಫ್ಲಾಸ್ ಎಳೆಎಳೆಯಾಗಿ ಹರಿದರೆ ಅಂಚು ಹೊರಚಾಚಿದೆ ಅಂತ, ಸಡಿಲವಾಗಿ ಜಾರಿದರೆ ಮತ್ತೆ ಅನ್ನ ಸಿಕ್ಕಿಕೊಳ್ಳುತ್ತೆ. ಎರಡನ್ನೂ ಅಲ್ಲೇ ಸರಿಮಾಡಿಸಿ. ಕೆಳದವಡೆ ಇಂಜೆಕ್ಷನ್ ಕೊಟ್ಟಿದ್ದರೆ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತೆ. ಮಗು ಅದನ್ನೇ ಅಗಿಯದಂತೆ ಕಣ್ಣಿಟ್ಟಿರಿ. ಮರುದಿನ ಊದಿ ಬಿಳಿಯಾದ ತುಟಿ ನೋಡಿ ಸೋಂಕು ಅಂತ ಓಡಿ ಬರೋರು ತುಂಬ. ಅದು ಬರೀ ಕಚ್ಚಿದ ಗಾಯ.

ಮಕ್ಕಳ ದಂತವೈದ್ಯೆ: ಇನ್ನೊಂದು. ಆರರ ಆಸುಪಾಸಿಗೆ ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ ಹೊಸ ದವಡೆಹಲ್ಲು ಬರುತ್ತೆ. ಅದು ಶಾಶ್ವತ ಹಲ್ಲು, ಹಾಲುಹಲ್ಲು ಅಂತ ಬಿಟ್ಟುಬಿಡ್ತಾರೆ. ಫಿಲ್ಲಿಂಗ್‌ಗೆ ಹೋದ ದಿನವೇ ಅದರ ಗೀರುಗಳಿಗೆ ಸೀಲಂಟ್ (ಹುಳುಕು ಹಿಡಿಯದಂತೆ ಮುಚ್ಚೋ ತೆಳು ಲೇಪ) ಹಾಕಬಹುದಾ ಕೇಳಿ.